ಖಾನಾಪುರದಲ್ಲಿ ಇನ್ನೂ ಇರುವ ನಾನು

ಕಳೆದ ತಿಂಗಳು ನನಗೊಂದು ಕಾಗದ ಬಂತು. ನಾನು ಖಾನಾಪುರ ಬಿಟ್ಟಿಲ್ಲ ಎಂದು ಅದರಲ್ಲಿ ಬರೆದಿತ್ತು.

ಅದನ್ನು ಓದಿದ್ದು ಬೆಳಗಾವಿಯ ಮಹಾಂತೇಶ ನಗರದಲ್ಲಿ, ನಮ್ಮ ಹೊಸ ಬಾಡಿಗೆ ಮನೆಯ ವರಾಂಡದಲ್ಲಿ ಕೂತು. 'ಅರ್ಜಿದಾರರು ಸದರಿ ವಿಳಾಸದಲ್ಲಿಯೇ ವಾಸವಾಗಿರುವುದು ಸ್ಥಳ ತನಿಖೆಯಿಂದ ಕಂಡುಬಂದಿದೆ.' ಕೆಳಗೆ ಸಹಿ, ಖಾನಾಪುರದ ತಹಶೀಲ್ದಾರ ಆಫೀಸಿನ ದುಂಡನೆಯ ಶಿಕ್ಕೆ. ನಾನು ಎದ್ದು ಹೊರಗೆ ನೋಡಿದೆ. ಮಹಾಂತೇಶ ನಗರವೇ ಇತ್ತು.

ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ನಾನು ಧಾರವಾಡದಲ್ಲಿ ಫಿಲಾಸಫಿ ಎಂ.ಎ. ಮಾಡಿದವನು. ಪುರಾವೆ ಇಲ್ಲದೆ ಯಾವುದನ್ನೂ ನಂಬಬೇಡಿ ಎಂದು ಅಲ್ಲಿ ಕಲಿಸಿದ್ದರು. ಈಗ ಪುರಾವೆ ಶಿಕ್ಕೆಸಮೇತ ಕೈಯಲ್ಲಿತ್ತು. ನನ್ನ ಕಡೆ ಇದ್ದದ್ದು ಬರೀ ನೆನಪು. ಅದರ ಯೋಗ್ಯತೆ ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಗೊತ್ತಿಲ್ಲದವರಿಗೆ: ಮನೆ ಬದಲಿಸಿದ ಮೇಲೂ ಒಂದು ಸಂಜೆ ಇಲ್ಲಿಯ ಕಾಲೇಜಿನಲ್ಲಿ ಪಾಠ ಮುಗಿಸಿ, ರೂಢಿಯಂತೆ ಖಾನಾಪುರದ ಬಸ್ ಹತ್ತಿ ಕೂತಿದ್ದೆ. ಪೀರನವಾಡಿ ದಾಟಿದ ಮೇಲೆ ಎಚ್ಚರವಾಯಿತು.)

ಆದರೆ ಗ್ಯಾಸ್ ಸಿಲಿಂಡರಿಗೆ ಫಿಲಾಸಫಿ ತಿಳಿಯುವುದಿಲ್ಲ. ಗ್ಯಾಸ್ ವರ್ಗವಾಗಲು ಬೆಳಗಾವಿಯ ರೇಷನ್ ಕಾರ್ಡು ಬೇಕು. ಅದು ಸಿಗಲು ಖಾನಾಪುರದ ಕಾರ್ಡು ರದ್ದಾಗಬೇಕು. ರದ್ದತಿಗೆ ಅರ್ಜಿ ಕೊಟ್ಟಿದ್ದೆ; ಆದರೆ ರದ್ದಾಗಲು ನಾನು ಅಲ್ಲಿ ಇಲ್ಲ ಎಂದು ಸಾಬೀತಾಗಬೇಕು. ಸ್ಟೋವ್ ಹಚ್ಚೋಣವೆಂದರೆ ಸೀಮೆಎಣ್ಣೆಯೂ ಕಾರ್ಡಿನ ಮೇಲೆಯೇ. ಹೀಗಾಗಿ ನನ್ನ ಹೆಂಡತಿ ಸುಧಾ ಕರೆಂಟ್ ಸಿಗಡಿಯ ಮೇಲೆ ಅಡುಗೆ ಮಾಡುತ್ತಿದ್ದಳು. ಸಿಗಡಿ ಕಾದರೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹಾಕುವಷ್ಟರಲ್ಲಿ ಅನ್ನ ಮುದ್ದೆಯಾಗಿರುತ್ತದೆ.

ಕಾಗದ ತೋರಿಸಿದೆ. "ನೀವು ಎಲ್ಲಿರ್ತೀರೋ ಇರ್ರಿ," ಅಂದಳು. "ಗ್ಯಾಸ್ ಎಲ್ಲೈತಿ, ಅಷ್ಟ ಹೇಳ್ರಿ."

ರಜೆ ಹಾಕಿ ಖಾನಾಪುರಕ್ಕೆ ಹೋದೆ. ನಮ್ಮ ಹಳೇ ಮನೆಗೆ ಇನ್ನೂ ಬಾಡಿಗೆದಾರರು ಬಂದಿಲ್ಲ. ಬಾಗಿಲಿಗೆ ಬೀಗ. ಬೀಗದ ಕೆಳಗೆ, ಹೊಸ್ತಿಲ ಮುಂದೆ, ಆವತ್ತಿನ ರಂಗೋಲಿ.

ರಂಗೋಲಿ ಹಾಕಿದವರು ಬಾಜು ಮನೆಯ ಯಲ್ಲೂಬಾಯಿ. ಒಳಗೆ ಮರಾಠಿ, ಕಟ್ಟೆಯ ಮೇಲೆ ಕನ್ನಡ ಆಡುವ ಮನೆ ಅವರದು. ನನ್ನನ್ನು ಕಂಡವರೇ, "ಭಾಳ ಬಡವಾದ್ರಲ್ರೀ ಸರ್. ಅಕ್ಕಾರು ಉಣ್ಣಾಕ ಹಾಕವಲ್ರೇನು?" ಎಂದರು. ಆ ರಂಗೋಲಿ ನೋಡಿದ ಮೇಲೆ, ಕಾರಣ ನೀವೇ ಇರಬೇಕು ಎಂದು ಹೇಗೆ ಹೇಳುವುದು?

ತನಿಖೆಯವರು ಬಂದದ್ದು ನಿಜವೇ ಎಂದೆ. ನಿಜವಂತೆ. ಸರ್ ಎಲ್ಲಿ ಎಂದು ಕೇಳಿದರಂತೆ. "ಇಲ್ಲೇ ಅದಾರ, ಈಗರ ಪ್ಯಾಟಿಗೆ ಹೋದ್ರು ಅಂದ್ನಿ. ಮತ್ತೇನ್ ಹೇಳಬೇಕಿತ್ರಿ?"

ತಪ್ಪು ನನ್ನದೇ. ಆ ಓಣಿಯಲ್ಲಿ ಅಷ್ಟು ವರ್ಷ ಇದ್ದೂ ಅದರ ಕಾನೂನು ಮರೆತಿದ್ದೆ. ಅಲ್ಲಿ ಯಾರೂ ಊರು ಬಿಟ್ಟು ಹೋಗುವುದಿಲ್ಲ. ಅರ್ಧ ಓಣಿ ಗೋವಾದಲ್ಲಿ ದುಡಿಯುತ್ತದೆ, ನಿಜ. ಆದರೆ ಬಗಲಲ್ಲಿ ಚೀಲ ಇಟ್ಟುಕೊಂಡು ಯಾರೇ ಬಂದು ಕೇಳಲಿ, ಎಲ್ಲರೂ ಈಗಷ್ಟೇ ಪೇಟೆಗೆ ಹೋಗಿರುತ್ತಾರೆ. ಇಲ್ಲ ಎಂದರೆ ಕಾರ್ಡಿನಿಂದ ಹೆಸರು ಹೊಡೆಯುತ್ತಾರಲ್ಲ. ಯಲ್ಲೂಬಾಯಿಯ ಮಗ ಪರಶುರಾಮ ಮಡಗಾಂವದ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಮಳೆಗಾಲಕ್ಕೆ ಹೋಟೆಲು ಮುಚ್ಚಿದಾಗ ಊರಿಗೆ ಬರುತ್ತಾನೆ. ಬಂದವನಿಗೆ ಅನ್ನ ಬೇಕು, ಅನ್ನಕ್ಕೆ ಹೆಸರು ಬೇಕು.

"ನೀವೂ ಹಂಗ ಹೇಳಿದ್ರಲ್ರೀ ಸರ್, ನಮ್ಮ ಪರಶ್ಯಾನ ಸಲುವಾಗಿ," ಎಂದರು ಯಲ್ಲೂಬಾಯಿ. "ನಾ ಹೊಲಕ್ಕ ಹೋಗಿದ್ನಿ. ನೀವ ಮುಂದ ಬಂದು ಮಾತಾಡಿ ಕಳಿಸಿದ್ರಂತ."

ನಾನು ಹೇಳಿದ್ದೆನೇ? ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ. ಸತ್ಯ ಎಂದರೇನು ಎಂದು ವರ್ಷವಿಡೀ ಪಾಠ ಮಾಡುವವನು ಕಟ್ಟೆಯ ಮೇಲೆ ನಿಂತು ಹಾಗೆ ಹೇಳಿರುತ್ತಾನೆಯೇ? ಹೇಳಿಲ್ಲ ಎನ್ನಲೂ ಧೈರ್ಯ ಸಾಲಲಿಲ್ಲ.

ಮುಂದಿನ ಸಲ ಬಂದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ ಎಂದು ಕೇಳಿಕೊಂಡೆ. ಯಲ್ಲೂಬಾಯಿ ತಲೆಯಾಡಿಸಿದರು. "ಹೇಳ್ತೇನ್ರಿ. ನಿಮ್ಮ ಕೆಲಸ ಆಗಲಿ. ಆಮ್ಯಾಲ ಈ ಮುದುಕಿ ಸುಳ್ಳ ಹೇಳ್ತಾಳ ಅಂತ ಅಂವಾ ಪರಶ್ಯಾನ ಹೆಸರೂ ಹೊಡದ್ರ?"

ಒಂದು ಕಡೆ ನನ್ನ ಸಿಲಿಂಡರು. ಇನ್ನೊಂದು ಕಡೆ ಯಲ್ಲೂಬಾಯಿಯ ಮಾತಿನ ಬೆಲೆ. ಎಂ.ಎ.ಯಲ್ಲಿ ಇಂಥ ಪ್ರಶ್ನೆಗೆ ಎರಡು ಪುಟ ಬರೆದರೆ ಸಾಕಿತ್ತು.

ಕೊನೆಗೆ ತಹಶೀಲ್ದಾರ ಆಫೀಸಿಗೆ ಹೋಗಿ, ಮರುತನಿಖೆಯ ದಿನ ನಾನೇ ಹಾಜರಿರುತ್ತೇನೆ ಎಂದು ಬರೆದುಕೊಟ್ಟೆ. (ನಾನು ಅಲ್ಲಿ ಇಲ್ಲ ಎಂದು ಹೇಳಲು ನಾನು ಅಲ್ಲಿ ಇರಬೇಕಾಯಿತು.) ತನಿಖೆಯವರು ಲೂನಾ ಮೇಲೆ ಬಂದರು. ಬೀಗ ನೋಡಿದರು, ರಂಗೋಲಿ ನೋಡಿದರು, ನನ್ನನ್ನು ನೋಡಿದರು.

"ಇಲ್ಲಿ ಇರಂಗಿಲ್ಲ ಅಂತೀರಿ. ಮತ್ತ ಇಲ್ಲೇ ನಿಂತೀರಿ."

ನಿಮ್ಮ ಸಲುವಾಗಿಯೇ ಬಂದದ್ದು ಎಂದೆ. ಅವರು ಯಲ್ಲೂಬಾಯಿಯ ಕಡೆ ತಿರುಗಿದರು. "ಹೋದ ಸಲ ಇಲ್ಲೇ ಅದಾರ ಅಂದಿದ್ದೆಲ್ಲಬೇ. ಅದು ಸುಳ್ಳೇನು?"

ಯಲ್ಲೂಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದರು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಖರೇನ ಹೇಳ್ಯಾರ್ರಿ. ಆಗ ಇಲ್ಲೇ ಇದ್ವಿ. ಅರ್ಜಿ ಮೊದಲ ಕೊಟ್ಟಿದ್ವಿ, ಮನಿ ಬಿಟ್ಟಿದ್ದು ನಿನ್ನಿ."

ಅವರು ಬರೆದುಕೊಂಡರು. ಬರೆಯುತ್ತಲೇ, ಬಂದ ಕೆಲಸದಲ್ಲಿ ಇನ್ನೊಂದೂ ಆಗಲಿ ಎನ್ನುವಂತೆ, ಪರಶುರಾಮ ಎಲ್ಲಿ ಎಂದರು.

"ಪ್ಯಾಟಿಗೆ ಹೋದ ನೋಡ್ರಿ, ಈಗರ," ಎಂದೆ.

ಯಲ್ಲೂಬಾಯಿ ಒಳಗೆ ಹೋಗಿ ಚಹಾಕ್ಕಿಟ್ಟರು. ಹಿಂದೆ ಹಾಗೆ ಹೇಳಿದ್ದೆನೋ ಇಲ್ಲವೋ, ನನಗೆ ಇನ್ನೂ ನೆನಪಾಗಿಲ್ಲ. ಈಗಂತೂ ಹೇಳಿದ್ದೇನೆ.

ಖಾನಾಪುರದ ಕಾರ್ಡು ರದ್ದಾಗಿದೆ. ಇನ್ನು ಬೆಳಗಾವಿಯ ತನಿಖೆ. ಈ ವಾರ ಯಾರೋ ಬರುತ್ತಾರಂತೆ. ನಾವಿಬ್ಬರೂ ಮನೆಯಲ್ಲಿ ಇಲ್ಲದಿದ್ದರೆ ಬಾಜು ಮನೆಯವರನ್ನು ಕೇಳುತ್ತಾರಂತೆ. ಬಾಜು ಮನೆಯವರು ಯಾರು ಎಂದು ಸುಧಾಳನ್ನು ಕೇಳಿದೆ. ನಿಮಗೆ ಗೊತ್ತಿರಬೇಕು ಅಂದುಕೊಂಡಿದ್ದೆ ಎಂದಳು. ಹೊರಗೆ ಹೋಗಿ ನೋಡಿದೆ. ಅವರ ಗೇಟಿನ ಮೇಲೆ ಹೆಸರಿಲ್ಲ, 'ನಾಯಿ ಇದೆ' ಎಂದಷ್ಟೇ ಇದೆ.

ನಾಯಿಗೆ ನನ್ನ ಗುರುತಿದೆ. ಬರುವಾಗ ಹೋಗುವಾಗ ತಪ್ಪದೆ ಬೊಗಳುತ್ತದೆ. ಅದರ ಹೇಳಿಕೆ ನಡೆಯುತ್ತದೆಯೇ?