ಮೊಣಕಾಲು ಅಳೆದ ಊರು

ದೇಶದ ಪ್ರವಾಸೋದ್ಯಮ ಮಂಡಳಿಗೆ ಕೃತಜ್ಞತೆ ಹೇಳುವವರು ಅಪರೂಪ. ಊರು ನೋಡಲು ಬಂದವರು ಬೆಟ್ಟವನ್ನು ಹೊಗಳುತ್ತಾರೆ, ಹವೆಯನ್ನು ಹೊಗಳುತ್ತಾರೆ, ಮೆತ್ತನೆಯ ಹಾಸಿಗೆ ಕೊಟ್ಟ ವಸತಿಗೃಹದವನನ್ನೂ ಹೊಗಳುತ್ತಾರೆ. ಮಂಡಳಿಯ ನೆನಪು ಬರುವುದು ಬೈಯಬೇಕಾದಾಗ ಮಾತ್ರ. ಆ ಪದ್ಧತಿಯನ್ನು ನಾನು ಮುರಿಯುತ್ತಿದ್ದೇನೆ. ಎಂಟು ತಿಂಗಳು ಕುರ್ಚಿಗೆ ಅಂಟಿಕೊಂಡಿದ್ದ ನನ್ನ ಅಮ್ಮನನ್ನು ಎಬ್ಬಿಸಿ ಬೀದಿಗೆ ಇಳಿಸಿದ್ದು ಆ ಮಂಡಳಿಯ ಒಂದು ಖಾರವಾದ ನೋಟಿಸು. ಆ ನೋಟಿಸನ್ನು ಸ್ವಂತ ಕಾಲಿನ ಬಲದಿಂದ ಸಂಪಾದಿಸಿದ ಮಹಾಪುರುಷ ನನ್ನ ಭಾವ.

ಭಾವನಿಗೆ ಊರಿಟ್ಟ ಹೆಸರು ದಾಪುಗಾಲು. ಆರಡಿ ಮೂರಂಗುಲದ ಆಳು. ಅದರಲ್ಲಿ ನಾಲ್ಕಡಿಯಷ್ಟು ಬರೀ ಕಾಲೇ ಎಂದು ಅಕ್ಕನ ಅಂದಾಜು. ತ್ರಿವಿಕ್ರಮನಿಗೆ ಮೂರು ಲೋಕಕ್ಕೆ ಮೂರು ಹೆಜ್ಜೆ ಬೇಕಾಯಿತಂತೆ. ನಮ್ಮ ಭಾವನನ್ನು ಕಳಿಸಿದ್ದರೆ ಎರಡರಲ್ಲಿ ಮುಗಿಸಿ ಮೂರನೆಯದಕ್ಕೆ ಮನೆಗೆ ಬರುತ್ತಿದ್ದ. ಮದುವೆಯಾದ ಹೊಸತರಲ್ಲಿ ಇಬ್ಬರೂ ಸುತ್ತಾಡಲು ಹೋದರೆ ಅಕ್ಕ ಅವನ ಬೆನ್ನಿನ ಜೊತೆ ಮಾತಾಡಿಕೊಂಡು ಹಿಂದೆ ಓಡುತ್ತಿದ್ದಳು. "ಸಂತೆಯಲ್ಲಿ ಕಳೆದುಹೋದ್ರೂ ಬೆನ್ನು ನೋಡಿ ಹುಡುಕಿಬಿಡ್ತೀನಿ, ಮುಖ ತೋರಿಸಿದ್ರೇ ಸ್ವಲ್ಪ ಅನುಮಾನ" ಎಂದು ಈಗಲೂ ಹೇಳುತ್ತಾಳೆ.

ಇಂಥ ಮನುಷ್ಯನಿಗೆ ಮಂಡಳಿ ಕೊಟ್ಟ ಕೆಲಸವಾದರೂ ಯಾವುದು? ನಡೆಯುವುದು. ರಾಜಧಾನಿಯಲ್ಲಿ ಮಂಡಳಿ ದೊಡ್ಡ ದೊಡ್ಡ ಕೆಲಸ ಮಾಡುತ್ತದೆ: ಹೊರದೇಶಗಳಲ್ಲಿ ಜಾಹೀರಾತು ಹಾಕಿಸುತ್ತದೆ, ಹೋಟೆಲುಗಳಿಗೆ ದರ್ಜೆ ಕೊಡುತ್ತದೆ, ಮಾರ್ಗದರ್ಶಿಗಳಿಗೆ ತರಬೇತಿ ಕೊಡುತ್ತದೆ. ನಮ್ಮ ಊರಿನಲ್ಲಿ ಅದು ಕಾಗದದಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ಒಂದು ಕಿಟಕಿ, ಬಣ್ಣದ ಕರಪತ್ರಗಳ ಮೂರು ಕಪಾಟು. ಅದಲ್ಲದೆ ಊರ ತುಂಬ ಹತ್ತೊಂಬತ್ತು ಹಸಿರು ಫಲಕಗಳು. ರೈಲು ನಿಲ್ದಾಣದ ಮುಂದೆ "ಕೋಟೆ, ನಡಿಗೆಯಲ್ಲಿ 11 ನಿಮಿಷ", ಪೇಟೆಯಲ್ಲಿ "ಕೆರೆ, ನಡಿಗೆಯಲ್ಲಿ 8 ನಿಮಿಷ", ಹೀಗೆ. ಆ ನಿಮಿಷಗಳ ಒಡೆಯ ಭಾವ. ಮಂಡಳಿಯ ನಿಯಮದಂತೆ ಪ್ರತಿಯೊಂದು ದಾರಿಯನ್ನೂ ಮೂರು ಸಲ ನಡೆದು, ಕಚೇರಿಯ ಸ್ಟಾಪ್‌ವಾಚಿನಲ್ಲಿ ಹೊತ್ತು ನೋಡಿ, ಮೂರರಲ್ಲಿ ನಡುವಿನದನ್ನು ಫಲಕಕ್ಕೆ ಬರೆಸಬೇಕು. ಭಾವ ಒಂದು ಸಲವೂ ನಿಯಮ ತಪ್ಪಿಸಿದವನಲ್ಲ. ಮಳೆಯಲ್ಲಿ ನಡೆದ, ಬಿಸಿಲಲ್ಲಿ ನಡೆದ, ಪ್ರಾಮಾಣಿಕವಾಗಿ ಮೂರು ಮೂರು ಸಲ ನಡೆದ. ನಡೆದವನು ಅವನೇ ಎಂಬುದೊಂದೇ ತೊಂದರೆ.

ನಾವು ಊರಿನವರು ಫಲಕ ಓದುವುದಿಲ್ಲ, ಆದ್ದರಿಂದ ನಮಗೆ ಗೊತ್ತಾಗಲಿಲ್ಲ. ಹೊರಗಿನವರು ಪಾಪ, ಓದಿದರು, ನಂಬಿದರು. ಕೋಟೆಯ ಮೇಲೆ ಸಂಜೆಯ ಬೆಳಕು ನೋಡುತ್ತ ನಿಂತು, ನಿಲ್ದಾಣಕ್ಕೆ ಹನ್ನೊಂದೇ ನಿಮಿಷ ತಾನೆ ಎಂದು ಆರಾಮಾಗಿ ಇಳಿದು, ಐದು ಹತ್ತರ ರೈಲಿನ ಹಿಂಬದಿಯನ್ನು ಕಣ್ತುಂಬ ನೋಡಿದರು. ಒಂದೇ ವರ್ಷದಲ್ಲಿ ಮಂಡಳಿಗೆ ಮೂವತ್ತೇಳು ದೂರಿನ ಕಾಗದ ಹೋದವು. ಪರಊರಿನಿಂದ ಬಂದವನಿಗೆ ಒಂದು ಊರು ಆಡುವ ಮೊದಲ ಮಾತು ಅದರ ಫಲಕ, ಮೊದಲ ಮಾತೇ ಸುಳ್ಳಾದರೆ ಮಿಕ್ಕ ಮಾತನ್ನು ಯಾರು ನಂಬುತ್ತಾರೆ ಎಂದು ಕೇಂದ್ರ ಕಚೇರಿ ನೋಟಿಸಿನಲ್ಲಿ ಕೇಳಿತ್ತು. ಮಾತು ನ್ಯಾಯವಾದದ್ದೇ. ಅದರ ಕೆಳಗಿನ ಸಾಲು ಮಾತ್ರ ಎದೆಗೆ ಚುಚ್ಚುವಂತಿತ್ತು. ಮೂವತ್ತು ದಿನದಲ್ಲಿ ಹತ್ತೊಂಬತ್ತೂ ದಾರಿಗಳ ಹೊತ್ತನ್ನು ಸರಿಪಡಿಸದಿದ್ದರೆ ಈ ಸಿಬ್ಬಂದಿಯನ್ನು ರಾಜಧಾನಿಯ ಹಳೆ ಕರಪತ್ರಗಳ ಉಗ್ರಾಣಕ್ಕೆ ವರ್ಗ ಮಾಡಲಾಗುವುದು.

ಉಗ್ರಾಣವೆಂದರೆ ಕಿಟಕಿಯಿಲ್ಲದ ನೆಲಮಾಳಿಗೆ, ಎರಡು ದಿನದ ಪ್ರಯಾಣ. ಅಕ್ಕನ ಹೊಲಿಗೆಯಂಗಡಿ ಇಲ್ಲಿ. ಅವರ ಮನೆಯಲ್ಲೇ ಇರುವ ಅಮ್ಮ ಇಲ್ಲಿ, ಅದೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಅಮ್ಮ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಮ್ಮ ನಡೆಯುತ್ತಿದ್ದಳು: ಮಂಚದಿಂದ ರೇಡಿಯೋವರೆಗೆ, ರೇಡಿಯೋದಿಂದ ಮಂಚಕ್ಕೆ. ಕೋಲು ಹಿಡಿದು ಬೀದಿಗೆ ಹೋದರೆ ನೋಡಿದವರು ಏನೆಂದಾರು ಎಂಬ ಸಂಕೋಚ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಬೆತ್ತ ತೋರಿಸಿ ನಡೆಸಿದವಳಿಗೆ ಈಗ ಬೆತ್ತವೇ ತನ್ನನ್ನು ನಡೆಸುವುದು ಸರಿಬರಲಿಲ್ಲ.

ಭಾವ ನಿಧಾನವಾಗಿ ನಡೆಯುವ ಮಹಾಯಾಗವನ್ನು ಕೈಗೊಂಡ. ಮೊದಲ ದಿನ ಹೆಜ್ಜೆ ಎಣಿಸುತ್ತ ಹೊರಟು, ಎಣಿಕೆ ನೂರು ದಾಟುವಷ್ಟರಲ್ಲಿ ಮೈಮರೆತು ಕೆರೆಯನ್ನೂ ದಾಟಿದ್ದ. ಎರಡನೆಯ ದಿನ ಚೀಲದಲ್ಲಿ ನಾಲ್ಕು ಇಟ್ಟಿಗೆ ಹೊತ್ತ. ಭಾರ ಬೇಗ ಇಳಿಸಬೇಕೆಂಬ ಆತುರಕ್ಕೆ ಇನ್ನೂ ಒಂದು ನಿಮಿಷ ಕಡಿಮೆಯಾಯಿತು. ಮೂರನೆಯ ದಿನ ನನ್ನ ಬೂಟು ಕೇಳಿದ. ನನ್ನ ಪಾದ ಅವನಿಗಿಂತ ಎರಡು ಅಳತೆ ಚಿಕ್ಕದು. ಹಾಕಿಕೊಂಡು ಕೋಟೆಗೆ ಹೋಗಿ ಹತ್ತು ನಿಮಿಷಕ್ಕೆ ವಾಪಸು ಬಂದು ಮೆಟ್ಟಿಲ ಮೇಲೆ ಕೂತು, ಉರಿಯುವ ಬೆರಳುಗಳನ್ನು ಊದಿಕೊಂಡ. ಹೋಗುವುದಕ್ಕೂ ಬರುವುದಕ್ಕೂ ಸೇರಿ ಹತ್ತು ನಿಮಿಷ.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಅಮ್ಮ ರೇಡಿಯೋ ಆರಿಸಿದಳು.

"ಅಳಿಯಂದ್ರೇ, ನಿಧಾನ ಅನ್ನೋದು ನಾಟಕದ ವೇಷ ಅಲ್ಲ, ಹಾಕ್ಕೊಂಡು ಕುಣಿಯೋಕೆ. ಅದಕ್ಕೆ ಮೊಣಕಾಲು ಕೊಟ್ಟಿರಬೇಕು."

ಹೀಗೆಂದವಳೇ ಬಾಗಿಲ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೋಲನ್ನು ತಂದುಕೊಡಲು ಅಕ್ಕನಿಗೆ ಹೇಳಿದಳು. ಎಂಟು ತಿಂಗಳಿಂದ ನಾವೆಲ್ಲ ಕೈಮುಗಿದು, ಗದರಿಸಿ, ಮುನಿಸಿಕೊಂಡು ಮಾಡಲಾಗದ್ದನ್ನು ಒಂದು ಉಗ್ರಾಣದ ಭಯ ಮಾಡಿತು. ಅಳಿಯ ದೂರ ಹೋದರೆ ಮಗಳ ಮನೆ ಒಡೆದು ಎರಡಾಗುತ್ತದೆಂದು ಅವಳಿಗೆ ಗೊತ್ತಿತ್ತು. ತನ್ನ ಸಂಕೋಚವನ್ನು ಅವಳು ಅದರ ಪಕ್ಕದಲ್ಲಿಟ್ಟು ತೂಗಿದಳು ಅಷ್ಟೆ.

ಮೊದಲ ದಿನ ಅವಳ ದಂಡಯಾತ್ರೆ ಮುಟ್ಟಿದ್ದು ಬೀದಿ ಮೂಲೆಯ ಅಂಚೆಪೆಟ್ಟಿಗೆಯವರೆಗೆ. ಎರಡನೆಯ ದಿನ ಔಷಧಿಯಂಗಡಿ. ವಾರ ಮುಗಿಯುವಷ್ಟರಲ್ಲಿ ಕೆರೆ ವಶವಾಯಿತು. ಮುಂದೆ ಅಮ್ಮ, ಎರಡು ಹೆಜ್ಜೆ ಹಿಂದೆ ಗಡಿಯಾರ ಹಿಡಿದ ಭಾವ, ಪಟ್ಟದಾನೆಯ ಹಿಂದೆ ಒಂಟೆ ಹೊರಟಂತೆ. ಅಮ್ಮ ನಿಂತರೆ ಅವನೂ ನಿಲ್ಲಬೇಕು. ನಿಲ್ಲುವುದೆಂದರೆ ಏನೆಂದೇ ತಿಳಿಯದ ಮನುಷ್ಯ ಮೊದಮೊದಲು ನಿಂತಲ್ಲೇ ಕಾಲು ಕುಣಿಸುತ್ತಿದ್ದ. ಬರಬರುತ್ತ ಸುತ್ತಮುತ್ತ ನೋಡಲು ಕಲಿತ. ಚಪ್ಪಲಿ ಹೊಲಿಯುವವನ ಗೂಡಿನ ಮೇಲೆ ಪಾರಿವಾಳ ಮರಿ ಮಾಡಿದೆ ಎಂದು ಒಂದು ಸಂಜೆ ಬಂದು ಅಕ್ಕನಿಗೆ ವರದಿ ಒಪ್ಪಿಸಿದನಂತೆ. ಇಪ್ಪತ್ತೆರಡು ವರ್ಷದಲ್ಲಿ ಇವರು ನನಗೆ ಹೇಳಿದ ಮೊದಲ ಸುದ್ದಿ ಇದು ಎಂದು ಅವಳು ನನಗೆ ಫೋನು ಮಾಡಿ ತಿಳಿಸಿದಳು. ನಿಮಿಷ ಬರೆಯುವ ಪುಸ್ತಕದಲ್ಲಿ ಭಾವ ತಾನಾಗಿಯೇ ಇನ್ನೊಂದು ಗೆರೆ ಎಳೆದು "ಕೂತ ಜಾಗ" ಎಂದು ಬರೆದ. ಬ್ಯಾಂಕಿನ ಮೆಟ್ಟಿಲು, ಗ್ರಂಥಾಲಯದ ಕಟ್ಟೆ, ಕ್ಷೌರದಂಗಡಿಯ ಹೊರಗಿನ ಕುರ್ಚಿ. ಪ್ರತಿ ದಾರಿಗೂ ಮೂರು ಸಲ, ನಿಯಮವೆಂದರೆ ನಿಯಮ. ಇಪ್ಪತ್ತೊಂಬತ್ತನೆಯ ದಿನ ಹತ್ತೊಂಬತ್ತೂ ಫಲಕಗಳ ಮೇಲೆ ಹೊಸ ಅಂಕಿಯ ಚೀಟಿ ಅಂಟಿದವು. ಕೋಟೆಯಿಂದ ನಿಲ್ದಾಣಕ್ಕೆ ಮೂವತ್ತನಾಲ್ಕು ನಿಮಿಷ.

ಮೂವತ್ತನೆಯ ದಿನ ಕೇಂದ್ರ ಕಚೇರಿಯ ಅಧಿಕಾರಿಣಿ ಬಂದಿಳಿದರು. ನಲವತ್ತರ ಆಸುಪಾಸು, ಕಟ್ಟುಮಸ್ತಾದ ಬೂಟು, ಕೈಯಲ್ಲಿ ತಮ್ಮದೇ ಗಡಿಯಾರ. ಭಾವ ಪುಸ್ತಕ ಹಿಡಿದು ಜೊತೆಗೆ ನಡೆದ. ಅವರೂ ಸಣ್ಣ ದಾಪುಗಾಲೇ. ಬೆಳಗಿನಿಂದ ಒಂದೊಂದೇ ದಾರಿ ಅಳೆಯುತ್ತ ಬಂದಂತೆ ಅವರ ಹುಬ್ಬು ಗಂಟಾಗುತ್ತ ಹೋಯಿತು. ಕೊನೆಗೆ ನಿಲ್ದಾಣದಿಂದ ಕೋಟೆಗೆ ಹದಿನಾಲ್ಕು ನಿಮಿಷದಲ್ಲಿ ಹತ್ತಿ ಬಂದರು. ಕೋಟೆ ಬಾಗಿಲ ಕಲ್ಲಿನ ಮೇಲೆ ಅಮ್ಮ ಕೂತಿದ್ದಳು. ಅಳಿಯನ ಹಣೆಬರಹ ಬರೆಯುವಾಗ ತಾನೂ ಇರಬೇಕೆಂದು ಮಧ್ಯಾಹ್ನವೇ ಅಕ್ಕನನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು ಹತ್ತಿದ್ದಳು.

ಅಧಿಕಾರಿಣಿ ಹೇಳಿದ್ದರಲ್ಲಿ ನ್ಯಾಯವಿತ್ತು, ಅದನ್ನು ಮುಚ್ಚಿಡಲಾರೆ. ಮೊದಲು ಜನ ರೈಲು ತಪ್ಪಿಸಿಕೊಳ್ಳುತ್ತಿದ್ದರು. ಈಗ ಮೂವತ್ತನಾಲ್ಕು ಎಂಬುದನ್ನು ನೋಡಿ ನಿಲ್ದಾಣದಿಂದ ಆಚೆಗೇ ಬರುವುದಿಲ್ಲ. ಒಂದು ಸುಳ್ಳನ್ನು ಅಳಿಸಿ ಅದರ ಅಣ್ಣನನ್ನು ಕೂರಿಸಿದ್ದೀರಿ ಎಂದರು. ಭಾವನ ಪರವಾಗಿ ಬಾಯಿ ಬಿಟ್ಟದ್ದು ಅಮ್ಮ.

"ಬೇಗ ಮುಟ್ಟಿದವರು ಯಾರೂ ನಿಮಗೆ ಕಾಗದ ಬರೀಲಿಲ್ಲ ಅಲ್ವಾ ಮಗಳೇ? ಆ ಮೂವತ್ತೇಳು ಜನ ಯಾರು ಅಂತ ಒಂದ್ಸಲ ನೋಡಿ."

ಅಧಿಕಾರಿಣಿ ಚೀಲದಿಂದ ಕಡತ ತೆಗೆದು, ಅಲ್ಲೇ ನಿಂತು ಓದಿದರು. ಎರಡು ಪೆಟ್ಟಿಗೆ ಹೊತ್ತಿದ್ದವರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಪ್ಪ. ಏಳು ತಿಂಗಳ ಬಸುರಿ. ಮದುವೆಯ ಐವತ್ತನೆಯ ವರ್ಷಕ್ಕೆಂದು ಬಂದಿದ್ದ ಗಂಡಹೆಂಡಿರು. ಓದಿ ಮುಗಿಸಿ ಕಡತ ಮುಚ್ಚಿದರೂ ಹುಬ್ಬಿನ ಗಂಟು ಬಿಚ್ಚಲಿಲ್ಲ. ಒಬ್ಬ ಹಿರಿಯರ ನಡಿಗೆಯನ್ನು ನಂಬಿ ಸರ್ಕಾರಿ ಫಲಕ ಬರೆಸಲಾಗುವುದಿಲ್ಲ ಎಂದರು.

"ನಿಮ್ಮ ರೈಲು ಎಷ್ಟೊತ್ತಿಗೆ?" ಅಮ್ಮ ಕೇಳಿದಳು.

"ಐದು ಹತ್ತಕ್ಕೆ. ಯಾಕಮ್ಮಾ?"

"ಈಗ ನಾಲ್ಕೂವರೆ. ನನ್ನ ಜೊತೆ ಇಳೀರಿ. ರೈಲು ತಪ್ಪಿದ್ರೆ ಇವರನ್ನ ಉಗ್ರಾಣಕ್ಕೆ ಕಳಿಸಿ, ನಾನೇ ಪೆಟ್ಟಿಗೆ ಕಟ್ಟಿಕೊಡ್ತೀನಿ."

ಅಕ್ಕ ನನ್ನ ಮುಖ ನೋಡಿದಳು, ನಾನು ಆಕಾಶ ನೋಡಿದೆ. ದ್ಯೂತದಲ್ಲಿ ಹೆಂಡತಿಯನ್ನು ಒತ್ತೆಯಿಟ್ಟದ್ದು ಕೇಳಿದ್ದೆ. ಅಳಿಯನನ್ನು ಒತ್ತೆಯಿಟ್ಟ ಅತ್ತೆಯನ್ನು ಅಂದೇ ನೋಡಿದ್ದು.

ಇಳಿದೆವು. ಅಮ್ಮ ಒಂದು ಗುಲಗಂಜಿಯಷ್ಟೂ ಅವಸರ ಮಾಡಲಿಲ್ಲ. ಗ್ರಂಥಾಲಯದ ಕಟ್ಟೆಯ ಮೇಲೆ ಕೂತಳು, ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. ಚಪ್ಪಲಿ ಹೊಲಿಯುವವನ ಹತ್ತಿರ ನಿಂತು ಪಾರಿವಾಳದ ಯೋಗಕ್ಷೇಮ ವಿಚಾರಿಸಿದಳು. ಭಾವ ಹಿಂದೆ ಬೆವರುತ್ತಿದ್ದ. ಆ ನಾಲ್ಕಡಿ ಕಾಲುಗಳು ಒಂದೊಂದು ಅಂಗುಲ ಮುಂದೆ ಸರಿಯಲು ಪಟ್ಟ ಪಾಡು ಅವಕ್ಕೇ ಗೊತ್ತು. ಅಧಿಕಾರಿಣಿ ಮೊದಲರ್ಧ ದಾರಿ ಗಡಿಯಾರ ನೋಡಿದರು. ಕ್ಷೌರದಂಗಡಿಯ ಹತ್ತಿರ, ತಮ್ಮ ಅಮ್ಮನಿಗೂ ಹೀಗೇ ಮೊಣಕಾಲು ನೋವು, ಎಲ್ಲಿಗೂ ಬರುವುದಿಲ್ಲ ಎಂದು ತಾವಾಗಿಯೇ ಹೇಳಿದರು. ಕರೆದರೆ ಬರಲ್ಲ, ಕೆಲಸ ಕೊಟ್ಟರೆ ಬರ್ತಾರೆ ಎಂದಳು ಅಮ್ಮ. ಆಮೇಲೆ ಅವರು ಗಡಿಯಾರ ನೋಡಿದ್ದನ್ನು ನಾನು ಕಾಣೆ. ನಿಲ್ದಾಣದ ಮೆಟ್ಟಿಲು ಹತ್ತಿದಾಗ ಐದು ಗಂಟೆ ನಾಲ್ಕು ನಿಮಿಷ. ರೈಲು ಇನ್ನೂ ಬಂದಿರಲಿಲ್ಲ.

ಎರಡು ವಾರದ ಮೇಲೆ ಮಂಡಳಿಯ ಆದೇಶ ಬಂತು. ಸಿಬ್ಬಂದಿಯನ್ನು ಈಗಿರುವ ಊರಿನಲ್ಲೇ ಮುಂದುವರಿಸಲಾಗಿದೆ. ಇನ್ನು ಮುಂದೆ ಎಲ್ಲ ಊರುಗಳ ಫಲಕಗಳಲ್ಲೂ ಎರಡು ಹೊತ್ತು ಬರೆಸಬೇಕು: ಬಿರುಸಾಗಿ ನಡೆಯುವವರಿಗೆ ಒಂದು, ಆರಾಮಾಗಿ ನಡೆಯುವವರಿಗೆ ಒಂದು. "ಕೂತ ಜಾಗ" ಎಂದು ಗುರುತಿಸಿದಲ್ಲೆಲ್ಲ ಬೆಂಚು ಹಾಕಿಸಬೇಕು. ಎರಡನೆಯ ಹೊತ್ತನ್ನು ಅಳೆಯಲು ಪ್ರತಿ ಶಾಖೆಯೂ ನಿಧಾನ ನಡಿಗೆಯ ಸಲಹೆಗಾರರೊಬ್ಬರನ್ನು ಹುಡುಕಿಕೊಳ್ಳಬೇಕು. ನಮ್ಮ ಶಾಖೆಯ ಜಾಗಕ್ಕೆ ಅಮ್ಮನ ಹೆಸರು ಆಗಲೇ ಬರೆದಿತ್ತು.

ಅಮ್ಮ ಅದನ್ನು ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಇನ್ನೊಂದು ಸಲ ಓದಿದಳು. ಭಾವ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಜೊತೆ ಹತ್ತು ಮಾತೂ ಆಡದವನು ಈಗ ಕೃತಜ್ಞತೆಯನ್ನು ಎಲ್ಲಿಂದ ತರಬೇಕು? ಸ್ಟೂಲನ್ನು ಒಂದಿಷ್ಟು ಹತ್ತಿರ ಎಳೆದುಕೊಂಡ.

"ಅತ್ತೆ, ನಾಳೆ ವಸ್ತುಸಂಗ್ರಹಾಲಯಕ್ಕೆ ಹೋಗೋಣ. ಅಳೆಯೋಕಲ್ಲ, ಸುಮ್ನೆ ನೋಡೋಕೆ. ಬಾಗಿಲವರೆಗೆ ನೂರು ಸಲ ಹೋಗಿದೀನಿ, ಒಳಗೆ ಕಾಲಿಟ್ಟಿಲ್ಲ."

"ನಾಳೆ ಸೋಮವಾರ, ಅವರಿಗೆ ರಜ" ಎಂದಳು ಅಮ್ಮ. "ನಿಮ್ಮ ಮಂಡಳಿ ಕರಪತ್ರದಲ್ಲೇ ಹಾಕಿದಾರಲ್ಲ, ಓದಿಲ್ವೇ?"

ಮಂಗಳವಾರ ಹೋದರು. ಸಂಜೆಯಾದರೂ ಇಬ್ಬರಿಗೂ ನೋಡಿ ಮುಗಿದಿರಲಿಲ್ಲ.