ಕೃಪಾಳ ದವಡೆಗೆ ತಂತಿ ಬಿಗಿದ ವಾರ

ಸೋಮವಾರ, ಬೆಳಿಗ್ಗೆ ಆರು ಗಂಟೆ. ಅಡುಗೆಮನೆಯಲ್ಲಿ ಇದ್ದವರು ನಾನು, ನನ್ನ ಮಗಳು ಕೃಪಾ, ಹಾಲು ತಂದಿದ್ದ ಪಕ್ಕದ ತೋಟದ ಪುಟ್ಟಗೌರಮ್ಮ. ಕೃಪಾ ಗಂಡನ ಊರು ದಂಡಿನಶಿವರದಿಂದ ಮೊದಲ ಬಸ್ಸಿಗೆ ತಿಪಟೂರಿಗೆ ಬಂದಿದ್ದಳು. ಸೆರಗಿನಿಂದ ಗದ್ದ ಮುಚ್ಚಿಕೊಂಡಿದ್ದಳು. ಕಾಫಿ ಕೊಟ್ಟೆ. ಕುಡಿದದ್ದು ತುಟಿಯ ಎಡಬದಿಯಿಂದ ಸೋರಿತು. ಅದು ಅವಳಿಗೆ ಗೊತ್ತೇ ಆಗಲಿಲ್ಲ.

ನಾನು ನರ್ಸ್ ಆಗಿ ನಿವೃತ್ತಳಾದವಳು. "ಹಲ್ಲು ಕಚ್ಚು" ಎಂದೆ. ಮೇಲಿನ ಸಾಲಿಗೆ ಕೆಳಗಿನ ಸಾಲು ಕೂಡಲಿಲ್ಲ.

ದವಡೆ ಮುರಿದಿತ್ತು.

"ಬಚ್ಚಲಲ್ಲಿ ಜಾರಿಬಿಟ್ಟೆ ಕಣಮ್ಮ" ಎಂದಳು.

"ಅದ್ಯಾವ ಬಚ್ಚಲವ್ವಾ, ನಿನ್ನೊಬ್ಬಳನ್ನೇ ಹುಡುಕಿ ಹುಡುಕಿ ಬೀಳ್ಸೋದು? ನಿನ್ ಗಂಡ ಅದ್ರಲ್ಲಿ ಸ್ನಾನ ಮಾಡಾಕಿಲ್ವಾ?" ಎಂದಳು ಪುಟ್ಟಗೌರಮ್ಮ.

ಕೃಪಾ ನಗಲು ಹೋಗಿ, ನೋವಿಗೆ ಕಣ್ಣು ಮುಚ್ಚಿದಳು.

ಆಸ್ಪತ್ರೆಗೆ ಸೇರಿಸಿದೆ. ಎಕ್ಸ್‌ರೇಯಲ್ಲಿ ಎರಡು ಕಡೆ ಫ್ರ್ಯಾಕ್ಚರ್ ಕಂಡಿತು. ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದರು. ಕೆಲವು ವಾರ ಲಿಕ್ವಿಡ್ ಡಯಟ್. ತುಟಿಯ ನರಕ್ಕೆ ಪೆಟ್ಟಾಗಿದೆ, ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಪೊಲೀಸರು ಬಂದು ಕೇಳಿದಾಗ ಅವಳು ಮತ್ತೆ ಬಚ್ಚಲು ಎಂದಳು. ಗಂಡ ಹೊಡೆದದ್ದು ಎಂದು ನಾನು ಹೇಳಿದೆ. "ಪೆಟ್ಟು ತಿಂದೋರು ಹೇಳ್ಬೇಕಲ್ಲ ಮೇಡಂ" ಎಂದು ಹೊರಟುಹೋದರು.

ನನಗೆ ಗೊತ್ತಿದ್ದ ಔಷಧ ಒಂದೇ, ವೇಳೆಗೆ ಸರಿಯಾಗಿ ಕೆಲಸ ಮಾಡುವುದು. ಗಂಜಿ ಸೋಸುವುದು, ಸಿರಿಂಜಿನಿಂದ ಕೆನ್ನೆಯ ಸಂದಿಗೆ ಬಿಡುವುದು, ಉಪ್ಪುನೀರಿನಲ್ಲಿ ಬಾಯಿ ತೊಳೆಯುವುದು. ನಮ್ಮ ಕಡೆ ತೋಟದವರು ಎಳನೀರು ಕೀಳುವುದು ಅಪರೂಪ. ಎಲ್ಲ ಕಾಯಿ ಅಟ್ಟ ಸೇರಿ ಕೊಬ್ಬರಿಯಾಗಬೇಕು. ಪುಟ್ಟಗೌರಮ್ಮ ಮಾತ್ರ ದಿನಾ ವಾರ್ಡಿಗೆ ಎಳನೀರು ತಂದಳು. "ನಮ್ಮೆಜಮಾನ್ರು ಬೈತಾವ್ರೆ ಕಣ್ರೀ ಸಿಸ್ಟರ್. ಬೈಲಿ ಬುಡಿ. ಬೈದ್ರೆ ಮೂಳೆ ಮುರಿಯಾಕಿಲ್ವಲ್ಲ."

ನಮ್ಮ ಚರ್ಚಿನ ಸಭೆ ಚಿಕ್ಕದು. ಅಲ್ಲೊಂದು ಪದ್ಧತಿಯಿದೆ. ಹೆಂಡತಿಗೆ ಹೊಡೆದವನು ಭಾನುವಾರ ಎಲ್ಲರೆದುರು ನಿಂತು ತಪ್ಪೊಪ್ಪಿಕೊಂಡು ಸಾಕ್ಷಿ ಹೇಳುತ್ತಾನೆ, ಅಳುತ್ತಾನೆ. ಎಲ್ಲರೂ ಸ್ತೋತ್ರ ಎನ್ನುತ್ತೇವೆ. ಪಾಸ್ಟರು ಇಬ್ಬರ ಕೈಗಳನ್ನೂ ಸೇರಿಸಿ ಪ್ರಾರ್ಥಿಸಿದ ಮೇಲೆ ಹೆಂಡತಿ ಅಂದೇ ಅವನ ಗಾಡಿಯಲ್ಲಿ ಮನೆಗೆ ಹೋಗಬೇಕು. ಸೋಮವಾರ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ಅಳಿಯ ಸುಕುಮಾರ ಹಿಂದೆಯೂ ಹೀಗೆ ಅತ್ತಿದ್ದಾನೆ. ಅವನ ಕಣ್ಣೀರು ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಕ್ಷಮೆ ಕೇಳಿದವನಿಗೆ ಕ್ಷಮೆ ಕೊಡಬೇಕು, ಸರಿ. ಹೆಂಡತಿಯನ್ನೂ ತಿರುಗಿ ಕೊಡಬೇಕೆಂದು ಸತ್ಯವೇದದಲ್ಲಿ ನಾನು ಎಲ್ಲೂ ಓದಿಲ್ಲ.

ಇಂದು ಭಾನುವಾರ, ಡಿಸ್ಚಾರ್ಜ್. ಆರಾಧನೆ ಮುಗಿಸಿ ಪಾಸ್ಟರು ಸುಕುಮಾರನನ್ನು ನೇರ ವಾರ್ಡಿಗೇ ಕರೆತಂದರು.

"ಅತ್ತೆ, ಸಭೆ ಮುಂದೆ ಎಲ್ಲಾ ಒಪ್ಕೊಂಡಿದೀನಿ. ಗಾಡಿ ತಂದಿದೀನಿ."

"ಅವಳು ಬರಲ್ಲಪ್ಪ" ಎಂದೆ.

"ಸಿಸ್ಟರ್, ದೇವರು ಕೂಡಿಸಿದ್ದನ್ನ ತಡೆಯೋಕೆ ನಾವ್ಯಾರು?" ಎಂದರು ಪಾಸ್ಟರು.

"ಮುರಿದಿದ್ದು ನಾನಲ್ಲ ಅಯ್ಯ. ಎಕ್ಸ್‌ರೇ ಇದೆ, ನೋಡ್ತೀರಾ?"

ಅವರು ನೋಡಲಿಲ್ಲ.

ಕೃಪಾ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಡ್ಯೂಟಿ ನರ್ಸ್ ಒಂದು ಸಣ್ಣ ಕಟರ್ ತಂದಳು. "ವಾಂತಿಯಾದ್ರೆ ಬಾಯಿ ತೆರೆಯೋಕಾಗಲ್ಲ, ಉಸಿರು ಕಟ್ಟುತ್ತೆ. ತಕ್ಷಣ ತಂತಿ ಕತ್ತರಿಸ್ಬೇಕು. ರಾತ್ರಿ ಹಗಲು ಜೊತೇಲಿರೋರು ಯಾರು? ಅವರಿಗೆ ತೋರಿಸ್ಕೊಡ್ತೀನಿ."

ಸುಕುಮಾರ ಕೈ ಚಾಚಿದ.

ಕೃಪಾ ಆ ಕೈಯನ್ನು ನೋಡಿದಳು. ಬ್ಯಾಗನ್ನು ಮಂಚದ ಮೇಲಿಟ್ಟಳು. ಕಟರನ್ನು ತಾನೇ ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಹಾಗಾದ್ರೆ ಕ್ಷಮಿಸಿಲ್ವಾ ಮಗಳೇ?" ಎಂದರು ಪಾಸ್ಟರು.

"ಕ್ಷಮಿಸಿದೀನಿ ಅಯ್ಯ" ಎಂದಳು ಹಲ್ಲಿನ ಸಂದಿಯಿಂದ. ನನ್ನ ಜೊತೆ ಆಟೋ ಹತ್ತಿದಳು.

ಇದನ್ನು ಗೆಲುವು ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ಮನೆ ತಲುಪುವ ಮುಂಚೆಯೇ ಕೇಳಿದಳು, "ತಂತಿ ಬಿಚ್ಚಿದ್ಮೇಲೆ ಹೋಗ್ಬೇಕಲ್ವಾಮ್ಮ?" ಬೇಡ ಎಂದೆ. ಅವಳು ರಸ್ತೆ ನೋಡುತ್ತಾ ಕುಳಿತಳು. ಹೋಗುತ್ತಾಳೆ. ನನಗೆ ಗೊತ್ತು. ಮೂಳೆ ಕೂಡುತ್ತದೆ, ಸಭೆ ಕರೆಯುತ್ತದೆ, ಅವಳು ಹೋಗುತ್ತಾಳೆ.

ಇವತ್ತು ಮಾತ್ರ ನನ್ನ ಮನೆಯಲ್ಲಿದ್ದಾಳೆ. ಅಷ್ಟಕ್ಕೆ ಕರ್ತನಿಗೆ ಸ್ತೋತ್ರ ಹೇಳಿದೆ. ಮುಂದಿನದನ್ನು ಬೇಡಿಕೊಳ್ಳಲು ಬಾಯಿ ಬರಲಿಲ್ಲ.

ಸಂಜೆಯ ಗಂಜಿ ಪೂರ್ತಿ ಕುಡಿದಳು. ಬಾಯಿ ತೊಳೆಸಿ, ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟು ಮಲಗಿಸಿದೆ. ಸಿರಿಂಜು ತೊಳೆದು, ಒಣಗಿದ ಬಟ್ಟೆಯ ಮೇಲೆ ಬೋರಲು ಹಾಕಿದೆ.