ಕುರ್ಚಿಯ ಮೇಲಿದ್ದ ಸೀರೆ

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪ ಕೂರುತ್ತಿದ್ದ ಗಾದಿಯ ಮೇಲೆ ಈಗ ನಾನು ಕೂರುತ್ತೇನೆ. ಊರ ರಾಜಕೀಯಕ್ಕೆ ಬಾಯಿ ಹಾಕುವ ಚಾಳಿ ನನಗಿಲ್ಲ. ಆದರೆ ಆ ಹೊಲಸು ವಿಡಿಯೋ ತಾನಾಗಿಯೇ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂತು, ನಾನೇನು ಮಾಡಲಿ?

ಅದು ನಮ್ಮ ಭಾಗದ ದೊಡ್ಡ ಪುಢಾರಿಯೊಬ್ಬನ ವಿಡಿಯೋ. ತಾಯಂದಿರೇ, ಅಕ್ಕತಂಗಿಯರೇ ಎಂದು ಕೈಮುಗಿಯದೆ ಭಾಷಣ ಶುರು ಮಾಡಿದ ಮನುಷ್ಯನಲ್ಲ ಆತ. ಆತನ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ಹೆಂಗಸಿನ ಮುಖವನ್ನು ಮಸುಕು ಮಾಡಿದ್ದರು. ಪಕ್ಕದ ಕುರ್ಚಿಯ ಮೇಲೆ ಒಂದು ಸೀರೆ ಬಿದ್ದಿತ್ತು: ಹಸಿರು ಒಡಲು, ಕೆಂಪು ಸೆರಗು, ಸೆರಗಿನ ತುಂಬ ನೇಯ್ದ ಬಿಳಿ ತೆನೆ. ನಮ್ಮ ಇಳಕಲ್ ಸೀರೆ. ಬೇರೆ ಕಡೆಯ ಜನರಾಗಿದ್ದರೆ ಆತನ ಮುಖ ನೋಡಿ ಥೂ ಎಂದು ಉಗಿದು ಸುಮ್ಮನಾಗುತ್ತಿದ್ದರು. ನಮ್ಮವರದು ಹುಟ್ಟಿದಾಗಿನಿಂದ ಸೀರೆಯ ದಡಿ, ಸೆರಗು ನೋಡಿಕೊಂಡೇ ಬೆಳೆದ ಕಣ್ಣು. ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಗಂಡಸರೆಲ್ಲ ಮೊಬೈಲಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, "ಯಾರ ಮನಿ ಸೀರಿಲೇ ಇದು?" ಎಂದು ಹುಡುಕತೊಡಗಿದರು. ಆತನನ್ನು ಕೇಳುವವರು ಒಬ್ಬರೂ ಇರಲಿಲ್ಲ.

ಸಿಕ್ಕವಳು ನನ್ನ ತಂಗಿ. ಅವಳನ್ನು ಹುನಗುಂದಕ್ಕೆ ಕೊಟ್ಟಿದ್ದೇವೆ. ಪಂಚಮಿಗೆ ತವರಿಗೆ ಬಂದಾಗ ನಾನೇ ಆ ಹಸಿರು ಸೀರೆ, ಮೇಲೊಂದು ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಕೊಟ್ಟು ಕಳಿಸಿದ್ದೆ. ಅದನ್ನೇ ಉಟ್ಟುಕೊಂಡು ಅವಳು ಓಣಿಯ ಹೆಂಗಸರ ಜೊತೆ ಕುಡಿಯುವ ನೀರಿನ ಅರ್ಜಿ ಕೊಡಲು ಬಾಗಲಕೋಟೆಗೆ ಹೋಗಿದ್ದಳು. ಅರ್ಜಿ ಕೊಟ್ಟಮೇಲೆ ಆ ಪುಢಾರಿಯ ಸುತ್ತ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡಿದ್ದರು. ಯಾರೋ ಪುಣ್ಯಾತ್ಮ ಆ ಫೋಟೋದಿಂದ ಉಳಿದವರನ್ನೆಲ್ಲ ಕತ್ತರಿಸಿ, ನನ್ನ ತಂಗಿಯನ್ನೂ ಆತನನ್ನೂ ಉಳಿಸಿ, ಪಕ್ಕದಲ್ಲಿ ಆ ಕುರ್ಚಿಯ ಚಿತ್ರ ಇಟ್ಟು ಊರಿಗೆಲ್ಲ ಹಂಚಿದ.

ಅವಳ ಗಂಡ ಒಂದು ಮಾತೂ ಕೇಳಲಿಲ್ಲ. ಸೀರೆಯನ್ನು ಟ್ರಂಕಿನಿಂದ ಎಳೆದು ತಂದು ಅಂಗಳದಲ್ಲಿ ಸುಟ್ಟ. ಓಣಿಯವರು ನಿಂತು ಅದನ್ನೂ ವಿಡಿಯೋ ಮಾಡಿಕೊಂಡರು. ತಂಗಿ ಒಂದು ಕೈಚೀಲ ಹಿಡಿದು ಇಳಕಲ್ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಮುಖ ನೋಡಿ, ಗುರುತು ಹಿಡಿದು, ಎದ್ದು ಬೇರೆ ಸೀಟಿಗೆ ಹೋದಳಂತೆ. ನಮ್ಮ ಮನೆಗೆ ಬಂದವಳು ಮೊದಲು ಹೇಳಿದ್ದೇ ಅದನ್ನು. ಆಮೇಲೆ, "ಅಣ್ಣಾ, ನೀನರೆ ನಂಬ್ತಿಯಿಲ್ಲೋ?" ಎಂದಳು.

ಮರುದಿನವೇ ಹುನಗುಂದಕ್ಕೆ ಹೋಗಿ ಅವಳ ಮನೆಯ ಮುಂದೆ ನಿಂತು ಕೂಗಾಡಿದೆ. "ಆ ಪಂಚಮಿಗೆ ನಾ ಮಾರಿದ್ದೆಲ್ಲಾ ಹಸರಽ! ಊರ ತುಂಬ ಉಟ್ಟಾರ, ನನ್ನ ತಂಗಿ ಒಬ್ಬಾಕೀನಽ ಕಂಡಳೇನು?" ಅವಳ ಗಂಡ ಬಾಗಿಲು ಹಾಕಿಕೊಂಡ. ಗುಂಪಿನಲ್ಲಿದ್ದ ಒಬ್ಬ, "ಹಂಗಾದ್ರ ಮತ್ತ್ಯಾರಿಗೆ ಮಾರೀರಿ, ಹೆಸರು ಹೇಳ್ರಲಾ" ಎಂದ. ಅಲ್ಲಿ ನಿಂತವರಲ್ಲೇ ನನ್ನ ಗಿರಾಕಿಗಳಿದ್ದರು. ಒಬ್ಬೊಬ್ಬರೇ ನೆಲ ನೋಡತೊಡಗಿದರು. ನಾನು ಒಂದು ಹೆಸರು ಹೇಳಿದ್ದರೆ ಇನ್ನೊಬ್ಬಳು ಕೈಚೀಲ ಹಿಡಿದು ಬಸ್ಸು ಹತ್ತಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಬಂದೆ.

ಅಂದಿನಿಂದ ಅಂಗಡಿಗೆ ಬೇರೆಯದೇ ಗಿರಾಕಿಗಳು ಬರತೊಡಗಿದರು. ಸೀರೆ ಕೊಳ್ಳುವವರಲ್ಲ. "ಸಾವ್ಕಾರ್ರ, ನಮ್ಮ ಮನಿಗೆ ಹಸರು ಒಯ್ದದ್ದು ಯಾರ ಮುಂದೂ ಅನಬ್ಯಾಡ್ರಿ." ಅವರಲ್ಲಿ ಬಾದಾಮಿ ಕಡೆಯ ಒಬ್ಬ ಮುಖಂಡನೂ ಇದ್ದ, ಎದುರು ಪಕ್ಷದವನು. ಅಂದೇ ಬೆಳಿಗ್ಗೆ ಬಾಗಲಕೋಟೆಯಲ್ಲಿ ಹೆಂಗಸರ ಕೈಗೆ ಕಸಬರಿಗೆ ಕೊಟ್ಟು, ಪುಢಾರಿಯ ಪ್ರತಿಕೃತಿ ಸುಟ್ಟು, ಹೆಣ್ಣಿನ ಮಾನದ ಬಗ್ಗೆ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಅದೇ ಕಟ್ಟಿದ ಗಂಟಲಲ್ಲಿ ಪಿಸುಗುಟ್ಟಿದ: "ನಮ್ಮಾಕಿನೂ ನಿಮ್ಮಲ್ಲೇ ಹಸರು ಒಯ್ದಾಳ್ರಿ. ಸ್ವಲ್ಪ ಬಾಯಿ ಬಿಗಿ ಇರ್ಲಿ."

ನಾನೆಂದೆ, "ಆಗ್ಲಿರಿ. ನಾಳಿನ ಸಭಾದಾಗ ನನ್ನ ತಂಗಿ ಆಕಿ ಅಲ್ಲ ಅಂತ ಒಂದ್ ಮಾತು ಹೇಳ್ರಿ. ನಿಮ್ಮ ಮಾತಂದ್ರ ಮಂದಿ ಕೇಳ್ತಾರ."

ಅವನು ನನ್ನ ಕೈ ಹಿಡಿದುಕೊಂಡ. "ಈಗ ಬ್ಯಾಡ್ರಿ. ಆಕಿ ಅಲ್ಲಂದ್ರ ಮತ್ತ್ಯಾರು ಅಂತ ಕೇಳ್ತಾರ. ಹೋರಾಟಕ್ಕ ಒಬ್ಬಾಕಿ ನೊಂದ ಹೆಣ್ಮಗಳು ಬೇಕಾಗ್ತಾಳಲ್ರಿ." ಇಷ್ಟು ಹೇಳಿ, ನಮ್ಮ ಮನೆಯಿಂದ ಬಂದ ಚಹಾ ಕುಡಿದು ಹೋದ. ಆ ಚಹಾ ಮಾಡಿ ಕಳಿಸಿದವಳು ನನ್ನ ತಂಗಿ.

ಕೆಲವು ತಿಂಗಳು ಕಳೆದವು. ಟಿವಿಯವರಿಗೆ ಬೇರೆ ವಿಷಯ ಸಿಕ್ಕಿತು. ಪುಢಾರಿ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಉಡಿ ತುಂಬಿಸಿ, ಎಲ್ಲ ಷಡ್ಯಂತ್ರ ಎಂದು ಕಣ್ಣು ಒರೆಸಿಕೊಂಡ. ಆಮೇಲೆ ನೆಟ್ಟಗೆ ಬಾದಾಮಿ ಮುಖಂಡನ ಪಕ್ಷವನ್ನೇ ಸೇರಿದ. ಒಂದೇ ವೇದಿಕೆಯ ಮೇಲೆ ಒಬ್ಬರ ಬಾಯಿಗೆ ಒಬ್ಬರು ಪೇಡೆ ಇಟ್ಟುಕೊಂಡರು. ನಾಚಿಕೆ ಎನ್ನುವುದು ಅವರಿಬ್ಬರ ಓಣಿಯಲ್ಲೂ ಹಾದು ಹೋಗಿರಲಿಕ್ಕಿಲ್ಲ.

ಅದೇ ಖುಷಿಗೆ ಮಹಿಳಾ ಸಮಾವೇಶ ಇಟ್ಟರು, ಬಂದವರಿಗೆಲ್ಲ ಒಂದೊಂದು ಸೀರೆ. ವಿಡಿಯೋ ಬಂದಾಗಿನಿಂದ ಹಸಿರನ್ನು ಯಾರೂ ಮುಟ್ಟದೆ ಎಲ್ಲ ಅಂಗಡಿಗಳಲ್ಲೂ ಗಂಟುಗಟ್ಟಲೆ ಬಿದ್ದಿತ್ತು. ಅಗ್ಗಕ್ಕೆ ಸಿಗುತ್ತದೆಂದು ಪುಢಾರಿಯ ಮಂದಿ ಅದನ್ನೇ ಎತ್ತಿದರು. ನನ್ನ ಅಂಗಡಿಗೂ ಬಂದಿದ್ದರು, ಚಪ್ಪಲಿ ಕೈಗೆತ್ತಿಕೊಂಡು ಅವರನ್ನು ಹೊರಗೆ ಹಾಕಿದೆ. ಆದರೂ ಸೀರೆ ಹಂಚಿದ ದಿನ ನೂಕುನುಗ್ಗಲಂತೆ. ಆತನ ಕೈಯಿಂದಲೇ ಬೇಕೆಂದು ಹೆಂಗಸರನ್ನು ಗಂಡಂದಿರೇ ಮುಂದೆ ತಳ್ಳಿದರಂತೆ.

ಸಮಾವೇಶದ ಮರುದಿನ ತಂಗಿಯ ಅತ್ತೆ ನಮ್ಮ ಮನೆಗೆ ಬಂದಳು. ನೀರು ಕುಡಿದು, ಚೀಲದಿಂದ ಸಮಾವೇಶದಲ್ಲಿ ಹಂಚಿದ ಹಸಿರು ಸೀರೆ ತೆಗೆದು ಸೊಸೆಯ ತೊಡೆಯ ಮೇಲಿಟ್ಟಳು. "ನಡೀಯವ್ವಾ, ಮನಿಗೆ ಹೋಗೂಣು. ಇದನ್ನಽ ಉಟ್ಕೊಂಡು ಬಾ. ಈಗ ಎಲ್ಲಾರ ಮನಿಯಾಗೂ ಇದಽ ಸೀರಿ ಐತಿ. ಯಾರೂ ಏನೂ ಅನ್ನಂಗಿಲ್ಲ."

ತಂಗಿ ಸೆರಗಿನ ತೆನೆಯ ಮೇಲೆ ಕೈಯಾಡಿಸಿದಳು. ಹೋಗುತ್ತಾಳೆಂದೇ ಅಂದುಕೊಂಡಿದ್ದೆ.

"ಆಗೂ ಎಲ್ಲಾರ ಮನಿಯಾಗ ಇತ್ತಲ್ರಿ, ಅತ್ತಿ" ಎಂದಳು.

ತಂಗಿ ಸೀರೆಯನ್ನು ಮಡಿಕೆ ಕೆಡದಂತೆ ತಿರುಗಿ ಅತ್ತೆಯ ಚೀಲಕ್ಕೇ ಹಾಕಿದಳು. "ಸುಟ್ಟಾವರು ಬಂದು ಕರೀಲ್ರಿ. ಅದಽ ಓಣ್ಯಾಗ, ಮಂದಿ ಮುಂದ."

ಅತ್ತೆಯನ್ನು ಹುನಗುಂದದ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಒಳಗೆ ಎತ್ತ ನೋಡಿದರೂ ಹೊಸ ಹಸಿರು ಸೀರೆಗಳು. ಅವನ್ನು ಉಟ್ಟವರಲ್ಲೊಬ್ಬಳು ಸರಿದು ಕೂತು, "ಬರ್ರಿ ಅವ್ವಾರ, ಕುಂದರ್ರಿ" ಎಂದು ಪಕ್ಕದಲ್ಲೇ ಜಾಗ ಕೊಟ್ಟಳು.